ಗಾಯಕರ ಧ್ವನಿ ಎರಡು ಸ್ಪೀಕರುಗಳ ನಡುವೆ ನಿಲ್ಲುತ್ತಿಲ್ಲ: ಆಂಪ್ಲಿಫೈಯರ್ ಬದಲಿಸಬೇಕೇ?

ಪ್ರಶ್ನೆ, ಮೂಡಿಗೆರೆಯಿಂದ

ನಮಸ್ಕಾರ. ನಮ್ಮ ಹಳೆಯ ಹೆಂಚಿನ ಮನೆಯ ಹಜಾರದಲ್ಲಿ 8 ಓಮ್‌ನ ಎರಡು ಸ್ಪೀಕರುಗಳಿದ್ದು, ಸಂಜೆ ಕರ್ನಾಟಕ ಸಂಗೀತ ಕೇಳುವುದು ತಂದೆಯವರ ಕಾಲದಿಂದ ಬಂದ ರೂಢಿ. ಕಳೆದ ತಿಂಗಳು ಸುಣ್ಣ ಬಳಿಸುವಾಗ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆವು. ಅಂದಿನಿಂದ ಗಾಯಕರ ಧ್ವನಿ ನಡುವೆ ನಿಲ್ಲದೆ ಹಜಾರದ ತುಂಬ ಚದುರಿದಂತೆ ಕೇಳುತ್ತದೆ; ಮೃದಂಗದ ಎಡಗೈಯ ಗುಮ್ಕಿಯಂತೂ, ಅಂದರೆ ಆ ತುಂಬಿದ ಮಂದ್ರದ ನಾದವಂತೂ, ತೀರ ಸೊರಗಿದೆ. ಬಲಗಡೆಯ ಸ್ಪೀಕರು ಮೂಲೆಯಲ್ಲಿ ನೆಲದ ಮೇಲಿದೆ. ಎಡಗಡೆಯದು ಕಪಾಟಿನ ಮೇಲಿದ್ದು, ಅದಕ್ಕೆ ಬಾಗಿಲ ಚೌಕಟ್ಟನ್ನು ಬಳಸಿ ಸುಮಾರು 15 ಮೀಟರು ತೆಳ್ಳನೆಯ ವೈರು ಎಳೆದಿದ್ದೇವೆ. ಆಂಪ್ಲಿಫೈಯರನ್ನೇ ಬದಲಿಸಿ ಎಂದು ಒಬ್ಬರು ಹೇಳಿದರು. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ, ಹಾಸನದಿಂದ

ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ. ನೀವು ಹೇಳಿದ ಎರಡು ಲಕ್ಷಣಗಳೂ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿರುವುದನ್ನೇ ಸೂಚಿಸುತ್ತವೆ. ಹಾಗಾದಾಗ ಒಂದರ ಕೋನು (ಕಂಪಿಸಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ಮುಂದಕ್ಕೆ ಬರುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಸರಿಯುತ್ತದೆ. ಒಂದು ಒತ್ತಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುವುದರಿಂದ ಮಂದ್ರದ ನಾದ ಪರಸ್ಪರ ಅಳಿಸಿಹೋಗುತ್ತದೆ. ಆಂಪ್ಲಿಫೈಯರನ್ನು ಆಫ್ ಮಾಡಿ, ಒಂದೇ ಒಂದು ಸ್ಪೀಕರಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಅದೇ ಹಾಡನ್ನು ಮತ್ತೆ ಕೇಳಿ. ಸಂಶಯ ಉಳಿದರೆ, ವೈರಿನ ತುದಿಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿಕೊಂಡು 1.5 ವೋಲ್ಟಿನ ಟಾರ್ಚ್ ಸೆಲ್ಲಿಗೆ ಕ್ಷಣಮಾತ್ರ ತಾಗಿಸಿ: ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ಸೇರಿದ್ದರೆ ದೊಡ್ಡ ಕೋನು ಸಾಮಾನ್ಯವಾಗಿ ಹೊರಕ್ಕೆ ಉಬ್ಬುತ್ತದೆ. ಎರಡೂ ಒಂದೇ ದಿಕ್ಕಿಗೆ ಚಲಿಸಬೇಕು, ಅಷ್ಟೇ ಮುಖ್ಯ.

ಉತ್ತರ, ಸಕಲೇಶಪುರದಿಂದ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ವೈರನ್ನೂ ಗಮನಿಸಿ. ನಿಮ್ಮದು 0.5 ಚದರ ಮಿಲಿಮೀಟರಿನ ತಾಮ್ರದ ವೈರಾಗಿದ್ದರೆ, ಹೋಗಿ ಬರುವ 30 ಮೀಟರಿಗೆ ಸುಮಾರು 1 ಓಮ್ ರೋಧ ಸೇರುತ್ತದೆ. 8 ಓಮ್‌ನ ಸ್ಪೀಕರಿಗೆ ಅದು ಸುಮಾರು 1 ಡೆಸಿಬೆಲ್ ನಷ್ಟ, ಅದೂ ಎಡಗಡೆಗೆ ಮಾತ್ರ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಎಳೆಎಳೆ ತಾಮ್ರದ ವೈರು ಹಾಕಿದರೆ ರೋಧ 0.2 ಓಮ್‌ಗೆ ಇಳಿಯುತ್ತದೆ. ಇದಕ್ಕಿಂತ ದುಬಾರಿ ಕೇಬಲ್ಲು ಅನಗತ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ; ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ ವೈರನ್ನು ಮಾತ್ರ ಕೊಳ್ಳಬೇಡಿ. ನಮ್ಮ ಮಲೆನಾಡಿನ ಮಳೆಗಾಲದ ತೇವಕ್ಕೆ ತಾಮ್ರದ ತುದಿ ಕಪ್ಪಾಗುತ್ತದೆ, ಕೆಲವೊಮ್ಮೆ ಹಸಿರುಗಟ್ಟುತ್ತದೆ. ಆ ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ಹೊಸೆದು ಸೇರಿಸಿ. ಬಿಡಿ ಎಳೆಯೊಂದು ಪಕ್ಕದ ತುದಿಗೆ ತಾಗಿದರೂ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಉತ್ತರ, ಚಿಕ್ಕಮಗಳೂರಿನಿಂದ

ಒಂದು ಕಪಾಟಿನ ಮೇಲೆ, ಒಂದು ಮೂಲೆಯಲ್ಲಿ ಇದ್ದರೆ ಯಾವ ವೈರೂ ನೆರವಾಗದು. ಎರಡನ್ನೂ ಒಂದೇ ಎತ್ತರದ ಸ್ಟೂಲುಗಳ ಮೇಲೆ, ಟ್ವೀಟರು (ತಾರದ ನಾದ ನುಡಿಸುವ ಚಿಕ್ಕ ಘಟಕ) ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ಇಡಿ. ಅವುಗಳ ನಡುವಿನ ಅಂತರವೂ ನಿಮ್ಮ ಕುರ್ಚಿಗಿರುವ ಅಂತರವೂ ಹೆಚ್ಚುಕಡಿಮೆ ಸಮವಾಗಿರಲಿ, ಹಿಂದಿನ ಗೋಡೆಯಿಂದ ಅರ್ಧ ಮೀಟರಾದರೂ ದೂರವಿರಲಿ. ನುಣುಪಾದ ರೆಡ್ ಆಕ್ಸೈಡ್ ನೆಲವಾದರೆ ಮುಂದೆ ದಪ್ಪನೆಯ ಜಮಖಾನ ಹಾಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎಡಗಡೆಯ ವೈರೇ ತಿರುಗುಮುರುಗಾಗಿತ್ತು. ಸರಿಪಡಿಸಿದ ಕೂಡಲೇ ಗುಮ್ಕಿ ಮರಳಿತು. ಕಪಾಟಿನ ಮೇಲಿದ್ದುದನ್ನು ಇಳಿಸಿದ ಮೇಲೆ ಗಾಯಕರು ನಡುವೆ ಕುಳಿತು ಹಾಡುತ್ತಿರುವಂತೆ ಕೇಳುತ್ತಿದೆ, ತಾಯಿಯವರೂ ಅದನ್ನು ಗುರುತಿಸಿದರು. 2.5ರ ವೈರನ್ನು ಈ ಭಾನುವಾರ ಎಳೆಯುತ್ತೇವೆ.