ಸಹಾಯ ಬೇಕು: ಆಪರೇಷನ್ ಈ ರಾತ್ರಿಯೋ, ನಾಳೆ ಬೆಳಿಗ್ಗೆಯೋ?

ಸೋಮವಾರಪೇಟೆಯ ನಮ್ಮ ಚಿಕ್ಕಪ್ಪ ಅಪೆಂಡಿಸೈಟಿಸ್ ಎಂದು ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಸ್ಕ್ಯಾನ್ ಪ್ರಕಾರ ಅಪೆಂಡಿಕ್ಸ್ ಒಡೆದಿಲ್ಲ, ಆಂಟಿಬಯೋಟಿಕ್ ಶುರುವಾಗಿದೆ. ಒಡೆದಿದ್ದರೆ ಮಾತೇ ಬೇರೆಯಿತ್ತು. ಈಗ ವೈದ್ಯರು, ರಾತ್ರಿಯೇ ಮಾಡಬಹುದು, ಬೆಳಿಗ್ಗೆಯಾದರೂ ಆದೀತು, ನೀವೇ ಹೇಳಿ ಎನ್ನುತ್ತಿದ್ದಾರೆ. (ಕಾಫಿ ಬೆಳೆಗಾರರಾದ ನಮ್ಮನ್ನು ಕೇಳುವ ಪ್ರಶ್ನೆಯೇ ಇದು!)

ರಾತ್ರಿಯೆಂದರೆ ಹಗಲಿಡೀ ದುಡಿದ ವೈದ್ಯರ ಕೈಗಳು, ಅರ್ಧ ಸಿಬ್ಬಂದಿ, ಅರಿವಳಿಕೆ ತಜ್ಞರು ಮನೆಯಿಂದ ಬರಬೇಕು. ಇದೇ ನನ್ನ ಅಳುಕು. ಹೆಚ್ಚುಕಡಿಮೆಯಾದರೆ ಈ ಮಳೆಯಲ್ಲಿ ಮೈಸೂರಿಗೆ ಸುಮಾರು 120 ಕಿಲೋಮೀಟರ್.

ಗುಂಪಿನ ವೈದ್ಯರೇ, ದಾದಿಯರೇ, ಆ ಆಸ್ಪತ್ರೆಯವರನ್ನು ಏನೇನು ಕೇಳಲಿ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ತಪಾಸಣಾ ಪಟ್ಟಿಯನ್ನು (ಚೆಕ್‌ಲಿಸ್ಟ್) ರಾತ್ರಿಯೂ ಪಾಲಿಸುತ್ತೀರಾ ಎಂದರೆ ಮುನಿಸಿಕೊಂಡಾರೆಯೇ? ಕಾಯುವುದಾದರೆ, ಯಾವ ಲಕ್ಷಣ ಕಂಡ ತಕ್ಷಣ ಅವರನ್ನು ಎಬ್ಬಿಸಬೇಕು? ಹಾರೈಕೆಗಳು ನಾಳೆಗಿರಲಿ, ಒಪ್ಪಿಗೆ ಪತ್ರ ಕೈಯಲ್ಲಿದೆ.