ಬಾತ್‌ರೂಮ್ ಗೋಡೆಗೆ ಮಾತ್ರ ಮೇಜು ಬೇಡ ಪುಟ್ಟಿ

ಪುಟ್ಟಿ, ನಮ್ಮನೆಯೋರ ಗ್ರೂಪಲ್ಲಿ ನಿನ್ನ ಮೆಸೇಜ್ ಈಗ ನೋಡ್ದೆ ಕಣೇ. ಇರೋದೊಂದೇ ರೂಮು, ಮಂಚ ಬೀರು ಇಟ್ಟ್ಮೇಲೆ ಉಳಿದಿರೋದು ಬಾತ್‌ರೂಮ್ ಕಡೆ ಗೋಡೆ, ಮಂಚದ ಮೇಲೆ ಕೂತು ಬರೆದು ಬರೆದು ಬೆನ್ನು ಹಿಡ್ಕೊಂಡಿದೆ, ಆ ಗೋಡೆಗೇ ಒಂದು ಮೇಜು ಹಾಕ್ಸಿಬಿಡ್ಲಾ ದೊಡ್ಡಮ್ಮ, ಭಯ ಆಗ್ತಿದೆ ಅಂತ ಕೇಳಿದೀಯ. ಬೇಡಮ್ಮ. ಆ ಗೋಡೆ ಬೇಡ. ಎಲ್ಲರೂ ಹಾಕ್ಸು ಹಾಕ್ಸು ಅಂತ ಹೇಳಿ ಸುಮ್ನಾಗಿದೀರ, ನಮ್ಮನೇಲಿ ಏನಾಯ್ತು ಅಂತ ಇಲ್ಲಿರೋ ಅರ್ಧ ಜನಕ್ಕೆ ಗೊತ್ತು, ಒಬ್ರಾದ್ರೂ ಬಾಯಿ ಬಿಡ್ಬಾರ್ದಿತ್ತಾ?

ನಾವು ಆ ಹಳೇ ಬಾಡಿಗೆ ಮನೇಲಿದ್ದಾಗ, ಅದೇ ಚಿಕ್ಕೋನು ಇನ್ನೂ ಅಂಬೆಗಾಲಿಡ್ತಿದ್ನಲ್ಲ ಆಗ, ಬೇಸಿಗೇಲಿ ಸೇರ್ಕೊಂಡಿದ್ದು. ಗೋಡೆಗೆ ಹೊಸದಾಗಿ ಬಣ್ಣ ಹೊಡ್ಸಿದ್ರು, ಮುಟ್ಟಿದ್ರೆ ಒಣಗೇ ಇತ್ತು, ಯಾರಿಗೂ ಅನುಮಾನ ಬರೋ ಹಾಗೇ ಇರ್ಲಿಲ್ಲ. ಅದರ ಹಿಂದ್ಗಡೆ ಬಾತ್‌ರೂಮು, ಗೋಡೆಯೊಳಗೆ ನೀರಿನ ಪೈಪು. ಆ ಪೈಪು ಒಳಗೊಳಗೇ ಸೋರ್ತಾ ಇದ್ದಿದ್ದು ಹೊರಗೆ ಹೇಗೆ ಗೊತ್ತಾಗ್ಬೇಕು ಹೇಳು. ಮೇಜು ಗೋಡೆಗೆ ಅಂಟಿಸಿಟ್ಟಿದ್ವಿ, ಪಾರ್ಟಿಕಲ್ ಬೋರ್ಡಿಂದು, ಕೆಳಗಿನ ಡ್ರಾಯರ್‌ನಲ್ಲಿ ನಿಮ್ಮಜ್ಜಿ ಹೇಳಿದ್ದನ್ನೆಲ್ಲ ನಾನು ಬರ್ಕೊಂಡಿದ್ದ ನೋಟ್‌ಬುಕ್‌ಗಳು. ಮಳೆಗಾಲ ಮುಗಿಯೋ ಹೊತ್ತಿಗೆ ಬೋರ್ಡು ನೀರು ಕುಡಿದು ಊದ್ಕೊಂಡು ಡ್ರಾಯರ್ ಎಳೆದ್ರೂ ಬರ್ತಿಲ್ಲ, ನಿಮ್ಮ ದೊಡ್ಡಪ್ಪ ಹಿಂದಿನ ಹಲಗೆ ಬಿಚ್ಚಿ ತೆಗೆದ್ರೆ ಒಳಗೆಲ್ಲ ಕಪ್ಪು ಬೂಷ್ಟು. ಬಾಲ್‌ಪೆನ್ನಲ್ಲಿ ಬರೆದ ಪುಟಗಳು ಅಷ್ಟೋ ಇಷ್ಟೋ ಓದಕ್ಕಾಯ್ತು, ಶಾಯಿ ಪೆನ್ನಲ್ಲಿ ಬರೆದಿದ್ದೆಲ್ಲ ಕರಗಿ ಬರೀ ನೀಲಿ ಕಲೆ. ಅಷ್ಟು ಹೊತ್ತಿಗೆ ಅಮ್ಮ ಹೋಗ್ಬಿಟ್ಟಿದ್ಲು, ಮತ್ತೆ ಕೇಳಿ ಬರ್ಕೊಳ್ಳೋಣ ಅಂದ್ರೆ ಯಾರ್ನ ಕೇಳ್ಲಿ. ಈಗ ನೆನೆಸ್ಕೊಂಡ್ರೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಹೇಳ್ತಿರೋದು, ಬಾತ್‌ರೂಮ್ ಗೋಡೆಗೆ ಮೇಜು ಬೇಡ ಪುಟ್ಟಿ, ಬಣ್ಣ ಚೆನ್ನಾಗಿದೆ ಅಂತ ನಂಬ್ಬೇಡ.

ಆ ಮೇಜು ಹೊರಗೆ ಹೋಯ್ತಲ್ಲ, ಆಮೇಲೆ ಈ ಮನೇಲಿ ನನಗೆ ಇನ್ನೊಂದು ಮೇಜು ಬೇಕು ಅಂತ ಒಬ್ರಿಗೂ ಹೊಳೀಲಿಲ್ಲ. ನಿಮ್ಮ ದೊಡ್ಡಪ್ಪನ ಆಫೀಸ್ ಫೈಲಿಗೆ ಜಾಗ ಆಯ್ತು, ಮಕ್ಕಳ ಕಂಪ್ಯೂಟರಿಗೆ ಜಾಗ ಆಯ್ತು, ನಂದು ಮಾತ್ರ ಊಟದ ಟೇಬಲ್ ಮೇಲೆ ಬರ್ಕೊಂಡ್ರಾಯ್ತು ಅಂದ್ರು. ಒಂದು ಸಾಲು ಮನಸ್ಸಲ್ಲಿ ಕೂಡಿ ಬರೋ ಹೊತ್ತಿಗೆ ತಟ್ಟೆ ಹಾಕ್ಬೇಕು ತೆಗಿ ಅನ್ನೋರು, ತೆಗೆದಿಟ್ಟು ಮತ್ತೆ ಹರಡ್ಕೊಂಡು ಕೂರೋ ಹೊತ್ತಿಗೆ ಆ ಸಾಲು ಎಲ್ಲಿರುತ್ತೆ? ಬರೆಯೋದು ಅಂದ್ರೆ ಕೆಲಸ ಅಲ್ಲ, ಬಿಡುವಿದ್ದೋರು ಮಾಡೋದು ಅಂತ ಎಲ್ಲರ ತಲೇಲೂ ಕೂತ್ಬಿಟ್ಟಿದೆ. ಈ ಗ್ರೂಪಲ್ಲೇ ನೋಡು, ಅವಳಿಗ್ಯಾಕೆ ಮೇಜು, ಮಡಚೋದು ತಗೊಂಡ್ರೆ ಸಾಕು ಅಂತ ಒಬ್ರು ಹಾಕಿದಾರೆ. ಯಾರು ಅಂತ ಹೇಳಲ್ಲ, ಅವರೇ ಓದ್ಕೊಳ್ಲಿ. ಅವರ ಲ್ಯಾಪ್‌ಟಾಪನ್ನ ದಿನಾ ಮೂರು ಹೊತ್ತು ಯಾರಾದ್ರೂ ತೆಗೆಸ್ತಾರಾ?

ಅಯ್ಯೋ, ನೀನು ಕೇಳಿದ್ದು ಎಲ್ಲಿ ಹಾಕ್ಲಿ ಅಂತ ಅಲ್ವಾ. ಕಿಟಕಿ ಪಕ್ಕಕ್ಕೆ ಹಾಕು, ಬೇಕಾದ್ರೆ ಮಂಚ ಆ ಕಡೆ ತಳ್ಳು. ಕಿಟಕಿ ಬೆನ್ನಿಗೂ ಬೇಡ ಎದುರಿಗೂ ಬೇಡ, ಪಕ್ಕದಲ್ಲಿರ್ಲಿ. ನೀನು ಎಡಗೈಯಲ್ಲಿ ಬರೆಯೋಳು, ಬೆಳಕು ಬಲಗಡೆಯಿಂದ ಬಂದ್ರೆ ನಿನ್ನ ಕೈ ನೆರಳೇ ಹಾಳೆ ಮೇಲೆ ಬೀಳಲ್ಲ, ದೀಪಾನೂ ಬಲಗಡೆಗೇ ಇಡು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ ಇದ್ರೆ ಕೈಬರಹಕ್ಕೆ ಸಾಕು. ಎತ್ತರ ಸಾಮಾನ್ಯವಾಗಿ 28ರಿಂದ 30 ಇಂಚು ಬರುತ್ತೆ, ನಿನಗೆ 28ರದ್ದೇ ನೋಡು, ಕೂತಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರ್ಬೇಕು, ಪಾದ ನೆಲಕ್ಕೆ ಪೂರ್ತಿ ಊರ್ಬೇಕು, ಊರದೇ ಇದ್ರೆ ಕೆಳಗೊಂದು ಮಣೆ ಹಾಕ್ಕೋ. ಹಿಂದೆ ಕುರ್ಚಿ ಎಳೆಯಕ್ಕೆ ಎರಡೂವರೆ ಅಡಿ ಬಿಡು. ಮಡಚೋ ಮೇಜು ಬೇಡ, ಬರೆದಿದ್ದನ್ನ ಹರಡಿದ ಹಾಗೇ ಬಿಟ್ಟು ಎದ್ದು ಹೋಗೋಹಾಗಿರ್ಬೇಕು, ಚಿಕ್ಕದಾದ್ರೂ ಪರ್ವಾಗಿಲ್ಲ.

ಯಾವ ಗೋಡೆ ಆದ್ರೂ ಮೊದಲು ಒಂದಡಿ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡು, ಬಿಚ್ಚಿದಾಗ ಒಳಮೈ ಒದ್ದೆ ಇದ್ರೆ ಗೋಡೆಯಿಂದಲೇ ನೀರು ಬರ್ತಿದೆ ಅಂತ. ಒಣಗಿದ್ರೂ ಎರಡು ಇಂಚು ಗಾಳಿ ಆಡಕ್ಕೆ ಬಿಟ್ಟೇ ಇಡು. ಆಮೇಲೆ ಮೇಜಿನ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ ನೆಲಕ್ಕೆ ಹಾಸಿ ಬೀರು ಬಾಗಿಲು ಪೂರ್ತಿ ತೆಗೆದು ನೋಡು, ತಾಗುತ್ತೋ ಇಲ್ವೋ. ಫೋಟೋ ಇಲ್ಲೇ ಹಾಕು, ಅಳತೇನೂ ಬರಿ, ನಾನು ನೋಡೋ ತನಕ ದುಡ್ಡು ಕೊಡ್ಬೇಡ.