ಅಪ್‌ಡೇಟ್: ಸೂರ್ಯಸಿದ್ಧಾಂತದ ‘ಪ್ರಜಾಪತಿ’ ಯಾವ ನಕ್ಷತ್ರ?

ಹಿಂದೆ ನಾನು ಕೇಳಿದ್ದು ಇಷ್ಟೇ: ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದಲ್ಲಿ ಧ್ರುವಕ 57°, ಉತ್ತರ ವಿಕ್ಷೇಪ 38° ಎಂದಿರುವ ಪ್ರಜಾಪತಿ ಸ್ಟೆಲೇರಿಯಂನಲ್ಲಿ (ಆಕಾಶ ತೋರಿಸುವ ತಂತ್ರಾಂಶ) ಯಾಕೆ ಸಿಗುತ್ತಿಲ್ಲ? ಉತ್ತರ ಸಿಕ್ಕಿದೆ. ಧ್ರುವಕವೆಂದರೆ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ವಾರ್ಷಿಕ ಹಾದಿ) ನೇರ ರೇಖಾಂಶವಲ್ಲ. ಆಕಾಶಧ್ರುವದಿಂದ ನಕ್ಷತ್ರದ ಮೂಲಕ ಎಳೆದ ವೃತ್ತ ಕ್ರಾಂತಿವೃತ್ತವನ್ನು ಕಡಿಯುವ ಜಾಗ; ಅಲ್ಲಿಂದ ಅದೇ ವೃತ್ತದ ಮೇಲೆ ನಕ್ಷತ್ರಕ್ಕಿರುವ ದೂರವೇ ವಿಕ್ಷೇಪ. ಹಾಗಾಗಿ ಮೊದಲು ಆ 57° ಬಿಂದುವಿನ ವಿಷುವದಂಶ (ಆಕಾಶದ ವಿಷುವದ್ವೃತ್ತದ ಗುಂಟ ಅಳೆದ ಕೋನ), ಕ್ರಾಂತಿ (ಆ ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) ಲೆಕ್ಕ ಹಾಕಬೇಕು (54.7°, +19.7°). ಆಮೇಲೆ ವಿಕ್ಷೇಪವನ್ನು ಕ್ರಾಂತಿಗೆ ನೇರ ಕೂಡಿಸಿದರೆ +57.7°.

ಸ್ಟೆಲೇರಿಯಂನಲ್ಲಿ ಪಠ್ಯದ ಅಳತೆಗಳ ಕಾಲವೆಂದು ಇಸವಿ 560 ಇಟ್ಟು, ಜೆ2000 (2000ನೇ ಇಸವಿಗೆ ಹೊಂದಿಸಿದ ನಿರ್ದೇಶಾಂಕ) ಅಲ್ಲ, ಆ ದಿನದ ನಿರ್ದೇಶಾಂಕಗಳನ್ನೇ ನೋಡಿ. ಆರಿಗಾ ನಕ್ಷತ್ರಪುಂಜದ ಡೆಲ್ಟಾ ನಕ್ಷತ್ರ ಸುಮಾರು 61°, +52.5°ಯಲ್ಲಿದೆ. ಐದಾರು ಡಿಗ್ರಿ ತಪ್ಪಿತು ಎಂದು ಕೈಬಿಡುವ ಹಾಗಿಲ್ಲ: ಪಕ್ಕದ ಬ್ರಹ್ಮಹೃದಯವೂ (ಕಪೆಲ್ಲಾ; ಧ್ರುವಕ 52°, ವಿಕ್ಷೇಪ 30°) ಪಠ್ಯದ ಲೆಕ್ಕದಿಂದ ಅದೇ ದಿಕ್ಕಿಗೆ ನಾಲ್ಕೈದು ಡಿಗ್ರಿ ಸರಿದಿದೆ. ಅಲ್ಲಿಂದ ಪ್ರಜಾಪತಿಗೆ ಕ್ರಾಂತಿಯ ಅಂತರ ಪಠ್ಯದಲ್ಲಿ 9.2°, ಆಕಾಶದಲ್ಲಿ 9.5°. ಡೆಲ್ಟಾ ಎಂದೇ ಗುರುತು ಹಾಕಿಕೊಂಡೆ.